ಹುಬ್ಬಿನ ಗಾಯ ಅಳಿಸಬಾರದು

11 ನವೆಂಬರ್ 2024, ಸೋಮವಾರ. ಹೊನ್ನಾಳಿ

ಬದುಕಿರುವ ನನ್ನ ಅಕ್ಕನನ್ನು ಈ ಊರಿನ ಫೋಟೋ ಸ್ಟುಡಿಯೋದವನು ಇವತ್ತು ಬೆಳಿಗ್ಗೆ ಹನ್ನೊಂದು ಗಂಟೆಗೆ ಲಿಂಗೈಕ್ಯಳನ್ನಾಗಿ ಮಾಡಿದ.

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ಗ್ರಾಹಕರ ವೇದಿಕೆಗೆ ಹೋಗುವ ಪ್ರಸಂಗ ಬಂದರೆ ಬೇಕಾಗುತ್ತದೆ.

ಅಕ್ಟೋಬರ್‌ನಲ್ಲಿ ದಾವಣಗೆರೆಯ ಡಾಕ್ಟರು, ಅಕ್ಕ ಸಿದ್ದಲಿಂಗಮ್ಮನ ಹೊಟ್ಟೆಯ ಗಡ್ಡೆಯನ್ನು ಈ ವಯಸ್ಸಿನಲ್ಲಿ ಮುಟ್ಟುವುದು ಬೇಡ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದರು. ಅಕ್ಕ ಈಗ ಜಗಳೂರಿನಲ್ಲಿ ಮಗಳು ಹೇಮಾವತಿಯ ಮನೆಯಲ್ಲಿದ್ದಾಳೆ. ನಾನು ನೋಡಲು ಹೋದಾಗ ಅವಳು ನನ್ನನ್ನು ಕೇಳಿದ್ದು ಒಂದೇ.

"ಜಯ್ಯ, ನಂದೊಂದು ಪಟ ಮಾಡಿಸ್ಕೊಡು. ಗೋಡೆಗೆ ಹಾಕಾದು. ನಾನು ಹೋದಮ್ಯಾಲೆ ನೀವು ಯಾವುದು ಹಾಕ್ತೀರೋ, ನೋಡಾಕೆ ನಾನಿರಲ್ಲ. ಈಗ್ಲೇ ನೋಡಿ ಹ್ಞೂಂ ಅನ್ನಬೇಕು ನಾನು."

"ಅದೆಲ್ಲಾ ಈಗ್ಯಾಕೆ ಅಕ್ಕಾ?" ಎಂದೆ.

"ನಿಮ್ಮ ಭಾವಂಗೆ ಏನು ಮಾಡಿದ್ರಿ? ಯಾವನದೋ ಕೋಟು ತೊಡಿಸಿ ತಂದ್ರಿ. ಇಪ್ಪತ್ತು ವರ್ಷದಿಂದ ಆ ಕೋಟಿಗೆ ಹೂ ಏರಿಸ್ತಾ ಇದೀನಿ ನಾನು."

ಹೋದ ಯುಗಾದಿಯಲ್ಲಿ ನನ್ನ ಮಗಳು ಸಂಧ್ಯಾರಾಣಿ ಫೋನಿನಲ್ಲಿ ಹಿಡಿದ ಚಿತ್ರ ಇತ್ತು. ಅಕ್ಕ ಶೇಂಗಾ ಬಿಡಿಸುತ್ತ ಯಾರದೋ ಮಾತಿಗೆ ನಗುತ್ತಿದ್ದಾಳೆ. ಅದನ್ನು ಸ್ಟುಡಿಯೋದ ಮಾಲತೇಶನ ವಾಟ್ಸಾಪಿಗೆ ಕಳಿಸಿ, ಎಂಟು ಇಂಚು ಹನ್ನೆರಡು ಇಂಚು, ಕೆಳಗೆ ಹೆಸರು ಎಂದೆ. ಯಾವುದಕ್ಕೆ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಇವತ್ತು ಅವನು ಲಕೋಟೆಯಿಂದ ತೆಗೆದು ಗಾಜಿನ ಮೇಜಿನ ಮೇಲೆ ಇಟ್ಟದ್ದು ಹೀಗಿತ್ತು. ಹಿಂದೆ ನೀಲಿ ಆಕಾಶ, ಮೋಡ. ಎರಡು ಮೂಲೆಗೆ ಎರಡು ದೀಪ. ಸಾಬೂನಿನ ಜಾಹೀರಾತಿನಂತೆ ಬೆಳ್ಳಗಾದ ಮುಖ. ಎಡಹುಬ್ಬಿನ ಮೇಲೆ ಅವಳಿಗೆ ಚಿಕ್ಕಂದಿನಿಂದ ಇರುವ ಗಾಯದ ಗುರುತು ಮಾಯ. ಕೆಳಗೆ "ಲಿಂಗೈಕ್ಯ ಶರಣೆ ಸಿದ್ದಲಿಂಗಮ್ಮನವರು". ಅದರ ಕೆಳಗೆ ತಾರೀಖಿಗೆ ಖಾಲಿ ಜಾಗ.

"ಅವರು ಬದುಕಿದ್ದಾರಯ್ಯಾ!" ಎಂದು ಕೂಗಿದೆ. ಪಾಸ್‌ಪೋರ್ಟ್ ಫೋಟೋಕ್ಕೆ ಕೂತಿದ್ದವರು ಎದ್ದು ನಿಂತರು.

ಮಾಲತೇಶ ಹೆದರಲಿಲ್ಲ. "ಹಂಗಾರೆ ನೂರು ವರ್ಷ ಆಯುಷ್ಯ ಬಿಡ್ರಿ ಸರ್. ವಯಸ್ಸಾದೋರ ಪಟ ಎಂಟು ಹನ್ನೆರಡು ಅಂದ್ರೆ ನಾವು ಯಾತಕ್ಕೆ ಅಂತ ಕೇಳಾಕೆ ಹೋಗಲ್ಲ. ಕೇಳಿದ್ರೆ ಮನೇರು ಇಲ್ಲೇ ಅಳಾಕೆ ಶುರು ಮಾಡ್ತಾರೆ. ಅದಕ್ಕೆ ನಾವೇ ಎಲ್ಲಾ ಮಾಡಿಟ್ಟಿರ್ತೀವಿ. ದೀಪ ತೆಗೆದುಕೊಡ್ತೀನಿ, ಬಿಡ್ರಿ."

"ಗಾಯ ಎಲ್ಲಿ?"

"ಕಲೆ ಅಲ್ವಾ ಸರ್ ಅದು? ಫ್ರೀಯಾಗಿ ತೆಗೆದೀನಿ."

ಮೂವತ್ತನಾಲ್ಕು ವರ್ಷ ದಾವಣಗೆರೆಯ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವನು ನಾನು. ಮುದ್ರಣ ಎಂದರೇನು ಎಂದು ನನಗೆ ಈ ಊರಿನವರು ಹೇಳಿಕೊಡಬೇಕಾಗಿಲ್ಲ. ಪ್ರಿಂಟರು ಕೊಂಡು ಮನೆಯಲ್ಲೇ ತೆಗೆಯುತ್ತೇನೆ.

13 ನವೆಂಬರ್, ಬುಧವಾರ

ಸಿಟ್ಟು ಇಳಿದಿಲ್ಲ. ಇಳಿಯಲೂಬಾರದು.

1986ರ ಏಪ್ರಿಲ್‌ನಲ್ಲಿ ನಮ್ಮ ಪತ್ರಿಕೆಯಲ್ಲೂ ಇಂಥದೊಂದು ಪ್ರಮಾದ ಆಗಿತ್ತು. ತ್ಯಾವಣಿಗೆಯ ಭತ್ತದ ವ್ಯಾಪಾರಿ ಮುರುಗೇಶಪ್ಪ ಎಂಬವರ ಅರವತ್ತರ ಶುಭಾಶಯದ ಚಿತ್ರ ಶ್ರದ್ಧಾಂಜಲಿಯ ಅಂಕಣಕ್ಕೆ ಹೋಯಿತು. ಪುಟ ಕಟ್ಟುವವರ ಬೇಜವಾಬ್ದಾರಿ. ಮರುದಿನ ಮುರುಗೇಶಪ್ಪನವರೇ ಬಸ್ಸು ಹತ್ತಿ ಕಚೇರಿಗೆ ಬಂದು ಮೇಜಿನ ಮುಂದೆ ನಿಂತು, "ಮುಟ್ಟಿ ನೋಡ್ರಿ, ಬೆಚ್ಚಗಿದೀನಿ" ಎಂದರು. ಚಹಾ ಕುಡಿದು ಹೋದರು. ಆಮೇಲೆ ಹತ್ತೊಂಬತ್ತು ವರ್ಷ ಬದುಕಿದರು. ಆದರೂ ಪತ್ರಿಕೆ ಮೊದಲ ಪುಟದಲ್ಲಿ ಚೌಕಟ್ಟು ಕಟ್ಟಿ ಕ್ಷಮೆ ಕೇಳಿತು.

ಈ ಮಾಲತೇಶ ಹೇಳಿದ್ದೇನು? ದೀಪ ತೆಗೆದುಕೊಡ್ತೀನಿ, ಅಷ್ಟೇ.

17 ನವೆಂಬರ್, ಭಾನುವಾರ

ಸಂಧ್ಯಾರಾಣಿ ನ್ಯಾಮತಿಯಿಂದ ಬಂದಿದ್ದಳು. ಅಲ್ಲಿ ತಾಲ್ಲೂಕು ಕಚೇರಿಯಲ್ಲಿ ಕೆಲಸ. ಕಂಪ್ಯೂಟರು ಚೆನ್ನಾಗಿ ಗೊತ್ತು. ಪ್ರಿಂಟರಿನ ವಿಷಯ ತೆಗೆದೆ.

"ಒಂದು ಫೋಟೋಕ್ಕೆ ಒಂದು ಮಷೀನಾ ಅಪ್ಪಾಜಿ? ನೀವು ಒಂದು ಚಹಾಕ್ಕೆ ಎಮ್ಮೆ ಕಟ್ಟೋರ ಥರ ಆದ್ರಿ."

ನನ್ನ ಹೆಂಡತಿ ಕೊಟ್ರಮ್ಮ ಒಳಗಿನಿಂದ, "ಎಮ್ಮೆ ಆದ್ರೆ ಸಗಣಿನಾದ್ರೂ ಹಾಕ್ತಿತ್ತು" ಎಂದಳು.

ಅವರ ನಗು ಮುಗಿಯುವ ತನಕ ಕಾದು, ಒಂದು ವಾರ ಓದಿ ತಿಳಿದದ್ದನ್ನು ಹೇಳಿದೆ. ಮಾಲತೇಶ ತಾನೇ ಮುದ್ರಿಸುವುದಿಲ್ಲ. ಕಂಪ್ಯೂಟರಿನಲ್ಲಿ ತಿದ್ದಿ ದಾವಣಗೆರೆಯ ಲ್ಯಾಬಿಗೆ ಕಳಿಸುತ್ತಾನೆ. ಸಂಜೆ ಹೋದದ್ದು ಮರುದಿನ ಬಸ್ಸಿನಲ್ಲಿ ಲಕೋಟೆಯಾಗಿ ಬರುತ್ತದೆ. ಲ್ಯಾಬಿನ ಕಾಗದ ಬೇರೆಯೇ ಜಾತಿ. ಅದರ ಮೇಲೆ ಬೆಳಕು ಬಿಟ್ಟು, ದ್ರಾವಣದಲ್ಲಿ ತೊಳೆದು ಬಣ್ಣ ಬರಿಸುತ್ತಾರೆ, ಬಹುಕಾಲ ಬಾಳುತ್ತದೆ. ಮನೆಯ ಪ್ರಿಂಟರು ಶಾಯಿಯನ್ನು ಸಿಂಪಡಿಸುತ್ತದೆ. ಬಾಳಿಕೆ ಕಡಿಮೆ ಇರಬಹುದು. ಆದರೆ ನಡುವೆ ಯಾರ ಕೈಯೂ ಇರುವುದಿಲ್ಲ. ಅಕ್ಕನ ಬಣ್ಣ ಕಪ್ಪು. ಕಪ್ಪು ಕಪ್ಪಾಗಿಯೇ ಬರಬೇಕು.

"ವಾಟ್ಸಾಪಲ್ಲಿ ಕಳಿಸಿದ್ರಾ? ಅದು ಫೋಟೋನ ಹಿಂಡಿಬಿಡುತ್ತೆ" ಎಂದು ಅವಳು ಮೂಲ ಚಿತ್ರವನ್ನು ತನ್ನ ಫೋನಿನಿಂದ ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿ ತೋರಿಸಿದಳು. ನಿಜ. ಶೇಂಗಾ ಸಿಪ್ಪೆಯ ಒಂದು ಚೂರು ಅಕ್ಕನ ಸೆರಗಿನ ಮೇಲೆ ಕೂತದ್ದೂ ಕಾಣಿಸಿತು. ಹುಬ್ಬಿನ ಗಾಯ ಅಕ್ಕಿಕಾಳಿನಷ್ಟು ಉದ್ದ, ಸ್ವಲ್ಪ ಹೊಳಪು.

ಹೊರಡುವಾಗ, "ಅತ್ತೇನ ನೋಡಾಕೆ ಯಾವಾಗ ಹೋಗ್ತೀರಿ?" ಎಂದಳು. ಪಟ ಆದ ಮೇಲೆ ಎಂದೆ. ಬರಿಗೈಯಲ್ಲಿ ಹೋಗುವುದು ಹೇಗೆ?

21 ನವೆಂಬರ್, ಗುರುವಾರ

ಚನ್ನಗಿರಿಗೆ ಹೋಗಿದ್ದೆ. ಸಂಧ್ಯಾರಾಣಿಯ ಜೊತೆ ಓದಿದ ವಿನಯ್ ಕುಮಾರ್ ಅಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ಬಸ್ ನಿಲ್ದಾಣದ ಒಂದು ಫಲಕದಲ್ಲಿ ಮೂರು ತಪ್ಪು. ಹೋದ ಸಲ ಬಂದಾಗ ಎರಡಿತ್ತು. ಹೊಸದಾಗಿ ಬರೆಸಿ ಹೆಚ್ಚಿಸಿದ್ದಾರೆ. ಗುರುತು ಮಾಡಿಕೊಂಡಿದ್ದೇನೆ.

ವಿನಯ್ ಕುಮಾರ್ ಪ್ರಿಂಟರು ತೋರಿಸಲು ಗಿಳಿಯ ಚಿತ್ರ ತೆಗೆದ. ಕೆಂಪು, ಹಸಿರು, ಹಳದಿ, ಕಣ್ಣು ಕುಕ್ಕುವಂತೆ ಬಂತು.

"ಹೆಂಗೈತೆ ಅಂಕಲ್? ಹಾರಿ ಬರೋ ಹಂಗಿಲ್ವಾ?"

"ನಮ್ಮಕ್ಕ ಗಿಳಿಯಲ್ಲ" ಎಂದೆ. "ಎಪ್ಪತ್ತೆಂಟು ವರ್ಷದ ಹೆಂಗಸು. ಕಪ್ಪು ಮೈ, ಬಿಳಿ ಕೂದಲು, ಇಳಕಲ್ ಸೀರೆ. ಇದು ಅದನ್ನ ತೆಗೆಯುತ್ತಾ?"

ಅವನು ತಲೆ ಕೆರೆದುಕೊಂಡ. "ಎಲ್ಲಾರೂ ಗಿಳಿ ನೋಡಿ ತಗಂತಾರೆ ಅಂಕಲ್. ನೀವೇ ಫಸ್ಟು ಹಿಂಗೆ ಕೇಳಿದ್ದು."

ಆದರೂ ಹುಡುಗ ಪ್ರಾಮಾಣಿಕ. ವಾರಕ್ಕೊಂದು ಹಾಳೆಯಾದರೂ ತೆಗೆಯದಿದ್ದರೆ ಶಾಯಿ ಬರುವ ಸಣ್ಣ ರಂಧ್ರಗಳು ಒಣಗಿ ಕಟ್ಟಿಕೊಳ್ಳುತ್ತವೆ, ಅಕ್ಷರದ ಕಪ್ಪು ಶಾಯಿ ನೀರಿಗೆ ಬಿಡುವುದಿಲ್ಲ, ಬಣ್ಣದ್ದು ಬಿಡುತ್ತದೆ ಎಂದು ತಾನಾಗಿಯೇ ಹೇಳಿದ. ಕೊಂಡೆ. ಬೆಲೆ ಇಲ್ಲಿ ಬರೆಯುವುದಿಲ್ಲ. ಕೊಟ್ರಮ್ಮ ಡೈರಿ ತೆಗೆದು ಓದುವ ಸಂಭವ ಇದೆ.

26 ನವೆಂಬರ್, ಮಂಗಳವಾರ

ಮೊದಲ ಪ್ರತಿ: ಅಕ್ಕ ಹಸಿರು.

ಎರಡನೆಯದು: ಅಕ್ಕ ನೇರಳೆ.

ಯಂತ್ರದ ಜೊತೆ ಬಂದ ಪುಸ್ತಕ ಓದಿ ತಿಳಿದದ್ದು, ಯಾವ ಕಾಗದ ಹಾಕಿದ್ದೇವೆ ಎಂದು ಯಂತ್ರಕ್ಕೆ ಹೇಳಬೇಕಂತೆ. ಹೇಳಿದೆ. ಮೂರನೆಯದರಲ್ಲಿ ಮನುಷ್ಯರ ಬಣ್ಣ ಬಂತು, ಆದರೆ ನನ್ನಕ್ಕನದಲ್ಲ. ಯಾರೋ ಗೋಧಿ ಬಣ್ಣದ ಹೆಂಗಸು. ಅಂಚಿನಲ್ಲಿ ಪೆನ್ಸಿಲಿನಿಂದ ಹಳೆಯ ಅಭ್ಯಾಸದಂತೆ ತಿದ್ದುಪಡಿ ಬರೆದೆ. "ಗಲ್ಲ: ಕೆಂಪು ಕಡಿಮೆ. ಕತ್ತಿನ ನೆರಳು: ಇನ್ನೂ. ಮೂಗುಬೊಟ್ಟು ಹೊಳೆಯಲಿ." ಹದಿಮೂರು ವರ್ಷದ ನಂತರ ಕರಡು ತಿದ್ದುತ್ತಿದ್ದೇನೆ. ಬೆಳಿಗ್ಗೆಯಿಂದ ಸೊಂಟನೋವು ನೆನಪಾಗಲಿಲ್ಲ.

2 ಡಿಸೆಂಬರ್, ಸೋಮವಾರ

ಐದನೆಯ ಪ್ರತಿ ತಕ್ಕಮಟ್ಟಿಗೆ ಸರಿ. ಅಡ್ಡಕ್ಕೆ ಒಂದು ಸಣ್ಣ ಬಿಳಿ ಗೆರೆ, ಕಿವಿಯಿಂದ ಕಿವಿಗೆ. ಯಂತ್ರದ ಮೂಗು ಕಟ್ಟಿದೆ ಎಂದರ್ಥ. ಸ್ವಚ್ಛ ಮಾಡಲು ಒಂದು ಗುಂಡಿ ಇದೆ. ಒತ್ತಿದರೆ ಅರ್ಧ ಗಂಟೆ ಗೊರಗೊರ ಎನ್ನುತ್ತದೆ.

ಹೇಮಾವತಿಯ ಫೋನು ಬಂದಿತ್ತು. "ಮಾಮ, ಪಟ ಆತಾ ಅಂತ ಅವ್ವ ದಿನಾ ಕೇಳ್ತಾಳೆ. ನೀವು ಬರ್ರಿ ಸಾಕು."

ದಪ್ಪ ಕಾಗದಕ್ಕೆ ಹೇಳಿದ್ದೇನೆ, ಬಂದ ತಕ್ಷಣ ಬರುತ್ತೇನೆ ಎಂದೆ.

9 ಡಿಸೆಂಬರ್, ಸೋಮವಾರ

ಏಳನೆಯದು ಇನ್ನೂ ಉತ್ತಮ. ಸೀರೆಯ ಅಂಚಿನ ಕೆಂಪು ಸ್ವಲ್ಪ ಇಟ್ಟಿಗೆಯಂತೆ ಬಂದಿದೆ. ಕೊಟ್ರಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಅಕ್ಕಾರೇ ಕೂತಂಗೈತೆ. ಕಟ್ಟು ಹಾಕ್ಸಿ ತಗಂಡು ಹೋಗ್ರಿ" ಎಂದಳು.

ಸೀರೆ ತೋರಿಸಿದೆ.

"ಸೀರೆ ಯಾರು ನೋಡ್ತಾರ್ರೀ?"

ಅಜಾಗರೂಕತೆ ಆರಂಭವಾಗುವುದೇ ಈ ಮಾತಿನಿಂದ. ಇವತ್ತು ಪತ್ರಿಕೆಗಳಲ್ಲಿ ಕರಡು ತಿದ್ದುವವರೇ ಇಲ್ಲ. ಯಾರು ನೋಡ್ತಾರೆ ಎಂದು ಎಲ್ಲರನ್ನೂ ಮನೆಗೆ ಕಳಿಸಿದರು. ಹಾಗಾಗಿ ಬೆಳಿಗ್ಗೆ ಎದ್ದು ಪತ್ರಿಕೆ ತೆರೆದರೆ ಕಾಲಿಗೆ ಮುಳ್ಳು ಚುಚ್ಚಿದಂತೆ ಒಂದೊಂದು ಸಾಲೂ ಚುಚ್ಚುತ್ತದೆ. ಸಂಪಾದಕರಿಗೆ ಬರೆದ ಪತ್ರಗಳಲ್ಲಿ ಈ ವರ್ಷ ಆರು ಪ್ರಕಟವಾಗಿವೆ. ಆರರಲ್ಲಿ ಮೂರರಲ್ಲಿ ಅಚ್ಚಿನ ತಪ್ಪುಗಳಿದ್ದವು.

18 ಡಿಸೆಂಬರ್, ಬುಧವಾರ

ಹೇಮಾವತಿ ಫೋನು. ಅಕ್ಕ ಊಟ ಕಡಿಮೆ ಮಾಡಿದ್ದಾಳಂತೆ, ಗಂಜಿ ಮಾತ್ರ.

ದಪ್ಪ ಕಾಗದ ಬಂತು. ಹೊಳಪಿಲ್ಲದ್ದು. ಒಳ್ಳೆಯ ಕಾಗದ.

22 ಡಿಸೆಂಬರ್, ಭಾನುವಾರ

ಹನ್ನೊಂದನೆಯ ಪ್ರತಿ. ಸೀರೆ ಸರಿ. ಕತ್ತಿನ ನೆರಳು ಸರಿ. ಗಾಯ ಇದ್ದ ಹಾಗೆ ಇದೆ. ಬೆಳಿಗ್ಗೆ ಕಿಟಕಿಯ ಬಳಿ, ಮಧ್ಯಾಹ್ನ ಅಂಗಳದಲ್ಲಿ, ಎರಡು ಸಲ ನೋಡಿದೆ. ಕಡೆಗೆ ಕಣ್ಣಿನ ಬಿಳಿ ಭಾಗ ಕೊಂಚ ಹಳದಿ ತಿರುಗಿದಂತೆ ಕಂಡಿತು. ರಜೆಗೆ ಬಂದಿದ್ದ ಸಂಧ್ಯಾರಾಣಿಯನ್ನು ಕರೆದು, ಈ ಹಳದಿ ತೆಗೆಯಬೇಕಲ್ಲಮ್ಮಾ ಎಂದೆ.

ಅವಳು ಚಿತ್ರವನ್ನು ನೋಡಲಿಲ್ಲ. "ಅತ್ತೆ ಕಣ್ಣು ಈಗ ಹಳದಿನೇ ಐತೆ ಅಪ್ಪಾಜಿ. ಹೋದ ಗುರುವಾರ ರಜ ಹಾಕಿ ಹೋಗಿ ಬಂದೆ. ನಿಮಗೆ ಹೇಳಿರಲಿಲ್ಲ."

ಹೊಳಪಿಲ್ಲದ ಕಾಗದದಲ್ಲಿ ಬಿಳಿ ಬಣ್ಣ ಸ್ವಭಾವತಃ ಸ್ವಲ್ಪ ಹಳದಿಗೆ ವಾಲುತ್ತದೆ. ಅದು ಕಾಗದದ ಗುಣ. ಹೊಳಪಿನ ಕಾಗದಕ್ಕೆ ಹೋದರೆ ಆ ದೋಷ ಇರುವುದಿಲ್ಲ. ಆದರೆ ಅದರಲ್ಲಿ ಎದುರಿನ ಕಿಟಕಿಯ ಪ್ರತಿಬಿಂಬ ಬೀಳುತ್ತದೆ. ಎರಡಕ್ಕೂ ಒಂದೊಂದು ತೊಂದರೆ.

24 ಡಿಸೆಂಬರ್, ಮಂಗಳವಾರ

ಹೊಳಪಿನ ಕಾಗದದಲ್ಲಿ ತೆಗೆದು, ಕಟ್ಟಿನ ಗಾಜಿಗೆ ಕೂಡಲೇ ಸೇರಿಸಿಟ್ಟಿದ್ದೆ. ಒಂದು ದಿನ ಒಣಗಲು ಬಿಡಬೇಕೆಂದು ಪುಸ್ತಕದಲ್ಲಿ ಬರೆದಿತ್ತು. ಓದಿಯೂ ಇದ್ದೆ. ಇವತ್ತು ತೆಗೆಯಲು ಹೋದರೆ ಗಾಜಿಗೆ ಕಚ್ಚಿಕೊಂಡು ಹಣೆಯ ಎಡಭಾಗ ಕಿತ್ತು ಬಂತು.

ಇನ್ನೊಂದು ತೆಗೆಯಲು ಕೂತೆ. ಕೊಟ್ರಮ್ಮ ಪ್ರಿಂಟರಿನ ವೈರು ಕಿತ್ತು ಕೈಯಲ್ಲಿ ಹಿಡಿದು ನಿಂತಳು.

"ನಾಡಿದ್ದು ಮೊದಲನೇ ಬಸ್ಸಿಗೆ ನಾನು ಜಗಳೂರಿಗೆ ಹೋಗ್ತೀನಿ. ನೀವೂ ನಿಮ್ಮ ಮಷೀನೂ ಇಬ್ರೂ ಆರಾಮಾಗಿ ಮನೇಲಿರ್ರಿ. ತಿದ್ದಿ ಮುಗಿಯೋ ಹೊತ್ತಿಗೆ ಅಕ್ಕಾರು ಇದ್ರೆ ಇದ್ರು."

ನಲವತ್ತಾರು ವರ್ಷದಲ್ಲಿ ಅವಳು ನನ್ನೊಂದಿಗೆ ಹೀಗೆ ಮಾತಾಡಿದ್ದು ಎರಡೋ ಮೂರೋ ಸಲ. ಮೊದಲನೆಯದು 1991ರಲ್ಲಿ.

26 ಡಿಸೆಂಬರ್, ಗುರುವಾರ. ಜಗಳೂರು

ಇಬ್ಬರೂ ಬಂದಿದ್ದೇವೆ. ಹನ್ನೊಂದು ಪ್ರತಿ, ಹಣೆ ಹರಿದದ್ದು ಒಂದು, ಜೊತೆಗೆ ಮಾಲತೇಶನ ಅಪರಾಧಕ್ಕೆ ಸಾಕ್ಷಿಯಾಗಿ ಅವನ ದೀಪದ ಪಟ, ಎಲ್ಲವನ್ನೂ ರಟ್ಟಿನ ಫೈಲಿನಲ್ಲಿಟ್ಟುಕೊಂಡು ಬಂದೆ. ರಸ್ತೆಯ ಒಂದು ಪಕ್ಕ ಉದ್ದಕ್ಕೂ ಮೆಕ್ಕೆಜೋಳ ಹರಡಿದ್ದರು. ಬಸ್ಸು ಅರ್ಧ ರಸ್ತೆಯಲ್ಲೇ ಬಂತು.

ಅಕ್ಕ ಸಣ್ಣಗಾಗಿದ್ದಾಳೆ. ದಿಂಬಿಗೆ ಒರಗಿ ಕೂತಿದ್ದಳು. ಕಣ್ಣಿನ ಬಣ್ಣ ಸಂಧ್ಯಾರಾಣಿ ಹೇಳಿದಂತೆಯೇ ಇದೆ.

"ಬಂದಾ? ಪೇಪರ್‌ನಾಗೆ ಹಾಕ್ಸಿದ ಮ್ಯಾಲೆ ಬರ್ತೀಯೇನೋ ಅಂದ್ಕಂಡಿದ್ದೆ" ಎಂದಳು.

ಕೊಟ್ರಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ಒಳಗೆ ಹೋದಳು. ನಾನು ಫೈಲು ಬಿಚ್ಚಿ ಹಾಸಿಗೆಯ ಮೇಲೆ ಪ್ರತಿಗಳನ್ನು ಸಾಲಾಗಿ ಹರಡಿದೆ. ಒಂದೊಂದರ ದೋಷವನ್ನೂ ವಿವರಿಸಿದೆ. ಅವಳು ಕೇಳುತ್ತ ಒಂದೊಂದನ್ನೇ ಎತ್ತಿ ನೋಡಿದಳು.

"ಇಷ್ಟು ಮಂದಿ ಸಿದ್ದಲಿಂಗಿ ಇದಾರೇನೋ? ಒಬ್ಬಳನ್ನ ಸಾಕಾಕೇ ನಮ್ಮಪ್ಪಗೆ ಸಾಕಾಗಿತ್ತು. ಈ ಹಸಿರು ಮಖದೋಳು ಯಾರು?"

"ಅದು ಮೊದಲನೇದು. ಕಾಗದ ತಪ್ಪಾಗಿತ್ತು."

ಕೊನೆಗೆ ಮಾಲತೇಶನ ಪಟ ಕೈಗೆ ಸಿಕ್ಕಿತು. ನಾನು ತಡೆಯುವ ಮೊದಲೇ ಹೇಮಾವತಿಯ ಕೈಗೆ ಕೊಟ್ಟು, ಕೆಳಗೆ ಏನು ಬರೆದಾರೆ ಓದು ಎಂದಳು. ಹೇಮಾವತಿ ಓದಲಾರದೆ ನನ್ನ ಮುಖ ನೋಡಿದಳು. ನಾನೇ ಓದಬೇಕಾಯಿತು. "ಲಿಂಗೈಕ್ಯ ಶರಣೆ ಸಿದ್ದಲಿಂಗಮ್ಮನವರು."

ಅಕ್ಕ ನಕ್ಕಳು. ನಗುವಾಗ ಹೊಟ್ಟೆ ನೋಯುತ್ತದೆ, ಹಾಗಾಗಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಭಾಳ ಅವಸರದ ಮನುಷ್ಯ ಐದಾನೆ. ಎಷ್ಟು ಬೆಳ್ಳಗೆ ಮಾಡ್ಯಾನೆ ನೋಡೇ ಹೇಮಾ. ಇಷ್ಟು ಬೆಳ್ಳಗಿದ್ದಿದ್ರೆ ನಿಮ್ಮಪ್ಪನ್ನ ಯಾಕೆ ಮಾಡ್ಕಂತಿದ್ದೆ?"

"ಗಾಯವನ್ನೂ ಅಳಿಸಿದ್ದಾನೆ" ಎಂದೆ. "ಅದಕ್ಕೇ ನಾನು..."

"ಅದಕ್ಕೇ ಇಷ್ಟು ಸಿಟ್ಟಾ ನಿಂಗೆ?" ಹುಬ್ಬಿನ ಮೇಲೆ ಬೆರಳಿಟ್ಟಳು. "ಚಿಣ್ಣಿನ ಇಲ್ಲಿಗೆ ಹೊಡೆದು ಓಡಿಹೋದೋನು ನೀನು. ಸಂಜೆ ತನಕ ಬಣವೆ ಹಿಂದೆ ಕೂತಿದ್ದೆ. ಅಪ್ಪಗೆ ನಾನು ಬಾಗಲು ಚೌಕಟ್ಟು ಬಡೀತು ಅಂದೆ. ಪಾಪ, ಅಪ್ಪ ಮಾರನೇ ದಿನ ಬಡಗೇರನ್ನ ಕರ್ಸಿ ಆ ಚೌಕಟ್ಟಿನ ಮೂಲೆ ಕೆತ್ತಿಸಿದ."

ಆ ಕೆತ್ತಿದ ಚೌಕಟ್ಟು ನನಗೆ ಗೊತ್ತು. ಅದರ ಕೆಳಗೆ ಹಾದು ಹದಿನಾಲ್ಕು ವರ್ಷ ಓಡಾಡಿದೆ. ಯಾಕೆ ಕೆತ್ತಿಸಿದ್ದು ಎಂದು ಯಾರಾದರೂ ಕೇಳಿದರೆ ಅಕ್ಕನಿಗೆ ಬಡಿದಿತ್ತು ಎಂದೇ ನಾನೂ ಹೇಳುತ್ತ ಬಂದಿದ್ದೆ.

ಅವಳು ಹನ್ನೊಂದನೆಯದನ್ನು ಮತ್ತೆ ಎತ್ತಿಕೊಂಡಳು. "ಇದು ನಾನು" ಎಂದಳು. ನನಗೆ ಸಂತೋಷವಾಯಿತು. ಆದರೆ ಅವಳು ಪಕ್ಕದ ಲೋಟದ ನೀರಿನಲ್ಲಿ ಬೆರಳು ಅದ್ದಿ, ಪಟದ ಮೂಲೆಯ ಮೇಲೆ ಎಳೆದಳು. ಬೆರಳ ತುದಿಗೆ ನೀಲಿ ಬಂತು.

"ನೋಡಿದ್ಯಾ? ಹೂವಿಗೆ ನೀರು ಚಿಮುಕಿಸೇ ಏರಿಸೋದು ನಮ್ಮ ಮನ್ಯಾಗೆ. ನೀರು ಗಾಜಿನ ಸಂದಿನಾಗೆ ಇಳಿತೈತೆ. ನಿಮ್ಮ ಭಾವನ ಪಟದ ಕೆಳಗೆಲ್ಲಾ ಕಲೆ ಕಲೆ ಐತೆ. ಆದ್ರೆ ಕೋಟಿನ ಗುಂಡಿ ಹೋಗಿಲ್ಲ, ಸ್ಟುಡಿಯೋದ್ದು ಅದು. ನಿಂದಾದ್ರೆ ಒಂದು ಶ್ರಾವಣಕ್ಕೆ ನನ್ನ ಮಖ ಹರಿದು ಹೋಗ್ತೈತೆ. ಆ ಅವಸರದೋನ ತಾವನೇ ಮಾಡ್ಸು. ಬಣ್ಣ ನಿಂದು ಇರಲಿ. ಗಾಯ ಇರಲಿ. ದೀಪನೂ ಇರಲಿ, ಚೆನ್ನಾಗೈತೆ."

"ಬರಹ?"

"ಹೆಸರು ಸಾಕು ಈಗ. ಕೆಳಗೆ ಜಾಗ ಬಿಡ್ಸು. ಉಳಿದಿದ್ದು ಆಮ್ಯಾಲೆ ನೀನೇ ಹಾಕು. ನೀನು ಹಾಕಿದ್ರೆ ತಪ್ಪು ಇರಲ್ಲ."

ಹ್ಞೂಂ ಎಂದೆ.

ಇವತ್ತು ಇಲ್ಲೇ ಉಳಿಯುತ್ತೇವೆ. ನಾಳೆಯೂ ಇರೋಣ ಎಂದೆ. ಕೊಟ್ರಮ್ಮ ಬಟ್ಟೆ ತಂದಿಲ್ಲ ಎಂದಳು. ಹೇಮಾವತಿಯ ಸೀರೆ ಉಡು ಎಂದೆ.

30 ಡಿಸೆಂಬರ್, ಸೋಮವಾರ. ಹೊನ್ನಾಳಿ

ಮಾಲತೇಶನ ಸ್ಟುಡಿಯೋಗೆ ಹೋದೆ. ನನ್ನನ್ನು ನೋಡಿ ಅವನು ಎದ್ದು ನಿಂತ, ಈ ಸಲ ಏನು ತಂದಿದ್ದಾರೋ ಎಂಬ ಹಾಗೆ.

ಸಂಧ್ಯಾರಾಣಿ ಪೆನ್ ಡ್ರೈವ್‌ನಲ್ಲಿ ಹಾಕಿಕೊಟ್ಟ ಮೂಲ ಚಿತ್ರ ಕೊಟ್ಟು, ಬಣ್ಣಕ್ಕೆ ಮಾದರಿಯಾಗಿ ಹನ್ನೊಂದನೆಯ ಪ್ರತಿಯನ್ನು ಕೊಟ್ಟೆ. ಕಂಪ್ಯೂಟರಿನ ಪಕ್ಕ ಹಿಡಿದು ಅವನು ಬಹಳ ಹೊತ್ತು ನೋಡಿದ. "ಮನೇಲಿ ತೆಗೆದ್ರಾ ಸರ್ ಇದನ್ನ? ಬಣ್ಣ ಭಾಳ ಚೆನ್ನಾಗಿ ಹಿಡಿದೀರಿ" ಎಂದ.

"ಇದು ಯಾತಕ್ಕೆ ಅಂತ ನೀನು ಆವತ್ತು ಕೇಳಲಿಲ್ಲ. ನೀನು ಅಂದುಕೊಂಡಿದ್ದಕ್ಕೇ ಇದು. ಆದರೆ ಅವಳು ಇನ್ನೂ ಇದ್ದಾಳೆ. ನೋಡಬೇಕಂತೆ" ಎಂದೆ.

ಅವನು ಅಂಗಡಿಯ ಶಟರನ್ನು ಅರ್ಧ ಎಳೆದು, ಎದುರಿನ ಹೋಟೆಲಿಗೆ ಎರಡು ಚಹಾ ಹೇಳಿದ. ಚಹಾ ಬಂದ ಮೇಲೆ ಅವನಿಗೆ ಮುರುಗೇಶಪ್ಪನವರ ಕಥೆ ಹೇಳಿದೆ. ಮುಟ್ಟಿ ನೋಡ್ರಿ ಎಂದದ್ದನ್ನು ಹೇಳಿದಾಗ ಅವನು ಚಹಾ ಚೆಲ್ಲಿಕೊಳ್ಳುವಷ್ಟು ನಕ್ಕ.

"ಯಾರು ಸರ್ ಆ ಪುಟ ನೋಡಿದ್ದು?"

"ನಾನೇ. ಸಹಿ ನಂದೇ ಇತ್ತು" ಎಂದೆ.

ಲಕೋಟೆಯ ಮೇಲೆ ದಾವಣಗೆರೆಯ ಲ್ಯಾಬಿನವರಿಗೆ ಅವನು ಅಳತೆ ಬರೆಯುವಾಗ ಪೆನ್ನು ಇಸಿದುಕೊಂಡು ಕೆಳಗೆ ನಾನೇ ಬರೆದೆ: "ಮುಖ ಬೆಳ್ಳಗೆ ಮಾಡಬಾರದು. ಹುಬ್ಬಿನ ಗಾಯ ಅಳಿಸಬಾರದು." ಎರಡನೆಯ ವಾಕ್ಯಕ್ಕೆ ಅಡಿಗೆರೆ ಎಳೆದೆ. ಸಂಜೆಯ ಬಸ್ಸಿಗೆ ಅವನೇ ಹೋಗಿ ಕೊಟ್ಟು ಬಂದ.

4 ಜನವರಿ 2025, ಶನಿವಾರ. ಜಗಳೂರು

ಪಟ ತಂದೆ. ಅಕ್ಕ ಅದನ್ನು ಕೂಡಲೇ ಹಾಕಿಸಿದಳು, ಮಂಚದ ಎದುರಿನ ಗೋಡೆಗೆ. ಹೇಮಾವತಿ ಬೇಡ ಬೇಡ ಎಂದಳು. ಇದ್ದವರ ಪಟವನ್ನು ದೀಪದ ಸಮೇತ ಯಾರು ಹಾಕುತ್ತಾರೆ?

ಮಧ್ಯಾಹ್ನ ಮಾತಾಡಿಸಿಕೊಂಡು ಹೋಗಲು ಬಂದ ಪಕ್ಕದ ಮನೆಯ ದ್ಯಾಮಮ್ಮ ಬಾಗಿಲಲ್ಲೇ ಗೋಡೆ ನೋಡಿ, ಅಯ್ಯೋ ನಮ್ಮವ್ವ ಎಂದು ಸೆರಗು ಕಣ್ಣಿಗೆ ಒತ್ತಿಕೊಂಡಳು. ಅಕ್ಕ ಮಂಚದ ಮೇಲಿಂದ, "ಈ ಕಡೆ ನೋಡೇ. ಅದು ಕಾಪಿ, ಇದು ಒರಿಜಿನಲ್" ಎಂದಳು.

ಗಾಯ ಸರಿಯಾಗಿ ಬಂದಿದೆ.

16 ಜನವರಿ, ಗುರುವಾರ

ವಾರಕ್ಕೊಂದು ಹಾಳೆ ತೆಗೆಯದಿದ್ದರೆ ಯಂತ್ರ ಕೆಡುತ್ತದೆ. ಹಾಗಾಗಿ ಬುಧವಾರ ಒಂದು ಚಿತ್ರ ತೆಗೆದು ಒಣಗಲು ಬಿಟ್ಟು, ಗುರುವಾರ ಅಕ್ಕನಿಗೆ ಕೊಂಡೊಯ್ಯುವುದು ಎಂದು ಗೊತ್ತು ಮಾಡಿಕೊಂಡಿದ್ದೇನೆ. ಅಂಚೆಯಲ್ಲಿ ಕಳಿಸಬಹುದು. ಮಡಚುತ್ತಾರೆ.

ಹೋದ ವಾರ ನಮ್ಮ ಹೊಳೆಯ ಚಿತ್ರ, ಸೇತುವೆಯ ಮೇಲಿನಿಂದ. ಇವತ್ತು ಆ ಕೆತ್ತಿದ ಚೌಕಟ್ಟು; ಹಳೆಯ ಮನೆಯನ್ನು ಕೊಂಡವರ ಒಪ್ಪಿಗೆ ಕೇಳಿ ಹೋಗಿ ತೆಗೆದುಕೊಂಡು ಬಂದೆ. ಚಿತ್ರ ಸ್ವಲ್ಪ ಅಲುಗಿದೆ, ಬಣ್ಣವೂ ಸರಿ ಇಲ್ಲ. ಅಕ್ಕ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು.

30 ಜನವರಿ, ಗುರುವಾರ. ಜಗಳೂರು

ಅಕ್ಕ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತಾಳೆ. ಎಚ್ಚರವಾದಾಗ ಎದುರಿನ ಗೋಡೆ ನೋಡುತ್ತಾಳೆ. "ಅವಳು ನಗ್ತಾನೇ ಅದಾಳೆ ನೋಡು, ಕೆಲಸ ಬೊಗಸೆ ಇಲ್ದೋಳು" ಎಂದಳು ಇವತ್ತು.

ಇವತ್ತು ಕೊಂಡೊಯ್ದದ್ದು ಚನ್ನಗಿರಿಯ ಗಿಳಿ. ವಿನಯ್ ಕುಮಾರ್ ಯಂತ್ರದೊಂದಿಗೆ ಕೊಟ್ಟಿದ್ದ ಚಿತ್ರ. ಅದರ ಕಥೆ ಹೇಳಿದೆ. ಕೇಳಿದಳೋ ಇಲ್ಲವೋ. ಕೈ ಹಿಡಿದುಕೊಂಡಿದ್ದಳು.

6 ಫೆಬ್ರವರಿ, ಗುರುವಾರ. ಜಗಳೂರು

ಊರಿಗೆ ಮರಳಲಿಲ್ಲ. ಇಲ್ಲೇ ಇದ್ದೇನೆ. ಪ್ರಿಂಟರು ಒಣಗಿದರೆ ಒಣಗಲಿ.

22 ಫೆಬ್ರವರಿ, ಶನಿವಾರ. ಹೊನ್ನಾಳಿ

ನಾಳೆ ಹನ್ನೊಂದನೆಯ ದಿನ, ಜಗಳೂರಿನಲ್ಲಿ ಶಿವಗಣಾರಾಧನೆ. ಪಟ ಅಲ್ಲೇ ಗೋಡೆಯಲ್ಲಿದೆ, ಜಾಗ ಬದಲಿಸಿಲ್ಲ. ಮಾಲತೇಶ ಬೆಳಿಗ್ಗೆ ಮನೆಗೆ ಬಂದು, ಬರಹವನ್ನು ತಾನು ಮಾಡಿಕೊಡಲೇ ಎಂದು ಕೇಳಿದ. ಬೇಡ, ಅದು ನನ್ನ ಪಾಲಿನದು ಎಂದೆ. ತಲೆಯಾಡಿಸಿ, ನಾಳೆ ಬರುತ್ತೇನೆ ಎಂದು ಹೋದ.

ಮೂರು ವಾರ ಮುಟ್ಟದ ಯಂತ್ರ. ಎರಡು ಸಲ ಸ್ವಚ್ಛದ ಗುಂಡಿ ಒತ್ತಿದೆ. ಬಣ್ಣಗಳಲ್ಲಿ ಹಳದಿ ಕಟ್ಟಿಕೊಂಡಿದೆ, ಕಪ್ಪು ಬರುತ್ತದೆ. ಕಪ್ಪು ಸಾಕು. ನೀರಿನ ಬೆರಳು ಎಳೆದು ನೋಡಿದೆ, ಬಿಡುವುದಿಲ್ಲ.

ಅಲಂಕಾರವಿಲ್ಲದ ಅಕ್ಷರ ಆರಿಸಿದೆ, ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ನಾವು ಬಳಸುತ್ತಿದ್ದಂಥದ್ದು. ಪಟದಲ್ಲಿ ಬಿಟ್ಟ ಜಾಗದ ಅಳತೆಗೆ ಒಂದು ಪಟ್ಟಿ.

ಲಿಂಗೈಕ್ಯ: 13 ಫೆಬ್ರವರಿ 2025, ಗುರುವಾರ

ಕನ್ನಡಕ ಒರೆಸಿ ಓದಿದೆ. ವಾರ ಸರಿಯೇ ಎಂದು ಕ್ಯಾಲೆಂಡರಿನಲ್ಲಿ ನೋಡಿದೆ. ಕೊನೆಯಿಂದ ಮೊದಲಿಗೆ ಒಂದೊಂದೇ ಅಕ್ಷರ ಬೆರಳಿಟ್ಟು ಓದಿದೆ. ತಪ್ಪು ಹಿಡಿಯಲು ನಾವು ಹಾಗೆಯೇ ಓದುತ್ತಿದ್ದೆವು. ಕೊಟ್ರಮ್ಮನ ಕೈಗೆ ಕೊಟ್ಟೆ. ಅವಳೂ ಓದಿ ಹಿಂದಕ್ಕೆ ಕೊಟ್ಟಳು.

ತಪ್ಪಿಲ್ಲ. ಒಂದೇ ಪ್ರತಿ ತೆಗೆದೆ.